ಚಿತ್ರದುರ್ಗದ ಮಕ್ಕಳ ಪದ್ಯ ಶಿಬಿರ: ರೊಪ್ಪದ ಪಾಠ ಸೊಗಸು, ಪುಸ್ತಕ ಸಾಲದು

ಪ್ರಾಣಿಗಳ ಮೇಲೆ ಪದ್ಯ ಕಟ್ಟಲು ಮಕ್ಕಳಿಗೆ ಕಲಿಸುವ ಬೇಸಿಗೆ ಶಿಬಿರ ಈ ಸಲ ನಮ್ಮ ಬಡಾವಣೆಯಲ್ಲೇ ನಡೆಯಿತು. ಏಳು ವರ್ಷದ ಮೊಮ್ಮಗಳನ್ನು ಕಳಿಸಿದ್ದೆ. ನಾನು ಪಶು ಇಲಾಖೆಯಲ್ಲಿದ್ದು ನಿವೃತ್ತನಾದವನು, ದನ ಕುರಿಗಳ ನಡುವೆಯೇ ಆಯುಷ್ಯ ಕಳೆದವನು. ಶುಲ್ಕ 600 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಶುರುವಿನಲ್ಲಿ ಮಕ್ಕಳ ಕೈಗೆ ಪೆನ್ಸಿಲ್ಲನ್ನೇ ಕೊಡದೆ ಊರಾಚೆಯ ಕುರಿ ರೊಪ್ಪಕ್ಕೆ ಕರೆದುಕೊಂಡು ಹೋದರು. ಅದು ನನಗೆ ಬಹಳ ಹಿಡಿಸಿತು. ಮೇಷ್ಟ್ರು ಹೇಳಿದ್ದಿಷ್ಟೇ: "ಮುದ್ದು, ಚೆಂದ ಅನ್ನೋದು ಬ್ಯಾಡ. ಏನು ಕಾಣ್ತೈತೋ ಅದನ್ನ ಹೇಳ್ರಿ." ಕುರಿ ಕಾಯುವವರು ಒಂದು ಮೇಕೆಯ ಬಾಯಿ ಬಿಡಿಸಿ ತೋರಿಸಿದರಂತೆ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಬರೀ ಗಟ್ಟಿ ಒಸಡು! ಮನೆಗೆ ಬಂದವಳು, "ತಾತಾ, ಅದರ ಕಣ್ಣಿನ ಕರಿ ಗೆರೆ ಅಡ್ಡಕ್ಕೆ ಯಾಕೈತೆ?" ಎಂದು ಕೇಳಿದಳು. ತಲೆ ಬಗ್ಗಿಸಿ ಮೇಯುವಾಗಲೂ ಎರಡೂ ಪಕ್ಕದಿಂದ ಬರುವ ತೋಳ ಕಾಣಲಿ ಅಂತ, ಎಂದೆ. ಪದ್ಯದ ತರಗತಿಯಿಂದ ಇಂಥ ಪ್ರಶ್ನೆ ಹೊತ್ತುಕೊಂಡು ಬರುತ್ತಾಳೆಂದು ನಾನು ಎಣಿಸಿರಲಿಲ್ಲ.

ಆಮೇಲೆ ಒಗಟಿನ ಆಟ: ಪ್ರಾಣಿಯ ಹೆಸರು ಹೇಳದೆ ಗುರುತು ಮಾತ್ರ ಹೇಳಬೇಕು, ಉಳಿದವರು ಊಹಿಸಬೇಕು. ಎಲ್ಲ ಪ್ರಾಣಿಗೂ ಒಗ್ಗುವ ಮಾತು ಅಲ್ಲೇ ಉದುರಿ ಹೋಗುತ್ತದೆ. ಬರವಣಿಗೆ ಇನ್ನೂ ನಿಧಾನವಿರುವ ಮಕ್ಕಳು ಬಾಯಲ್ಲಿ ಹೇಳಿದ್ದನ್ನು ಮೇಷ್ಟ್ರು ಅಕ್ಷರ ಬದಲಿಸದೆ ಬರೆದುಕೊಂಡರು. ಕಾಗುಣಿತದ ಭಯದಲ್ಲಿ ಒಳ್ಳೊಳ್ಳೆ ಸಾಲು ಗಂಟಲಲ್ಲೇ ಉಳಿಯುವ ವಯಸ್ಸು ಅದು. ಪ್ರಾಸ ಬಂದದ್ದು ಕೊನೆಗೆ. ನಾಲ್ಕು ನಾಲ್ಕು ಮಾತ್ರೆಗೆ ಚಪ್ಪಾಳೆ ತಟ್ಟಿ ಸಾಲು ಹೊಂದಿಸಿದರು. ನಮ್ಮ ಹುಡುಗಿ ಕಟ್ಟಿದ್ದು ಇದು:

ಮೇಕೆಯೆ, ಕಣ್ಣಲಿ ಅಡ್ಡದ ಗೆರೆ
ಮೇಲಿನ ಸಾಲಲಿ ಹಲ್ಲೇ ಇಲ್ಲ
ಜಾಲಿಯ ಸೊಪ್ಪನು ಮೆಲ್ಲುವೆ ಹೇಗೆ
ಮುಳ್ಳದು ಚುಚ್ಚದೆ ನಾಲಿಗೆಗೆ?

ಓದಿ ನನಗೆ ತುಂಬ ಹೆಮ್ಮೆಯಾಯಿತು.

ಸಮಾರೋಪ ಮಾತ್ರ ಬೇಸರ ತರಿಸಿತು. ಭಾಷಣಗಳೇ ಮುಗಿಯಲಿಲ್ಲ, ಮಕ್ಕಳು ಓದುವ ಹೊತ್ತಿಗೆ ಹಸಿದು ಬಾಡಿದ್ದರು. ಹಂಚಿದ ಪುಟ್ಟ ಪುಸ್ತಕದಲ್ಲಿ ಜಗಳೂರು ಕಡೆಯ ಹುಡುಗನೊಬ್ಬ ಕೊಂಡುಕುರಿ ಎಂಬ ಕಾಡಿನ ಹುಲ್ಲೆಯ ಮೇಲೆ ಬರೆದ ಪದ್ಯವಿದೆ. ಪಕ್ಕದ ಚಿತ್ರದಲ್ಲಿರುವುದು ಕವಲು ಕೊಂಬಿನ ಜಿಂಕೆ! ಕೊಂಡುಕುರಿಯ ಗಂಡಿಗೆ ಕವಲಿಲ್ಲದ ನಾಲ್ಕು ಕೊಂಬು, ಮುಂದಿನ ಜೋಡಿ ಗಿಡ್ಡ. ಹೆಣ್ಣಿಗೆ ಕೊಂಬೇ ಇಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ಜಗಳೂರು ನಮ್ಮ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ರಂಗಯ್ಯನದುರ್ಗದ ಕಾಡನ್ನು ಅಭಯಾರಣ್ಯ ಮಾಡಿರುವುದೇ ಈ ಪ್ರಾಣಿಗಾಗಿ. ಹುಡುಗ "ನಾಕು ಕೊಂಬು" ಎಂದು ಸರಿಯಾಗಿಯೇ ಬರೆದಿದ್ದಾನೆ, ಅಚ್ಚು ಹಾಕಿಸಿದವರು ಓದಿಲ್ಲ. ಮುಂದಿನ ಸಲ ಚಿತ್ರವನ್ನೂ ಮಕ್ಕಳ ಕೈಲೇ ಬರೆಸಲಿ.

ಆರು ತುಂಬಿದ ಮಕ್ಕಳನ್ನು ಧಾರಾಳವಾಗಿ ಕಳಿಸಿ. ತಲೆಗೆ ಟೋಪಿ, ಕುಡಿಯಲು ನೀರು ಜೊತೆಗಿರಲಿ, ರೊಪ್ಪದ ಹತ್ತಿರ ನೆರಳು ಕಡಿಮೆ. ಬರೆದು ತಂದದ್ದನ್ನು ಮನೆಯಲ್ಲಿ ತಿದ್ದಲು ಹೋಗಬೇಡಿ. ಮೇಷ್ಟ್ರು ಪೋಷಕರಲ್ಲಿ ಕೇಳಿಕೊಂಡದ್ದು ಅದೊಂದೇ.