ಪೆಲೆಟ್ ಗ್ರಿಲ್ ಎಷ್ಟು ವರ್ಷ ಬಾಳುತ್ತದೆ? ಮಿಷಿಗನ್‌ನ ಹಿಮ, ಮಳೆಯಲ್ಲಿ ಬಳಸಿ ನೋಡಿದ್ದು

ಪೆಲೆಟ್ ಗ್ರಿಲ್ ಅಂದರೆ ಮರದ ಹೊಟ್ಟು ಒತ್ತಿ ಮಾಡಿದ ಸಣ್ಣ ತುಂಡುಗಳನ್ನು (ಪೆಲೆಟ್) ಉರಿಸಿ ಅಡುಗೆ ಮಾಡುವ, ಕರೆಂಟಿನಿಂದ ನಡೆಯುವ ಗ್ರಿಲ್. ಅದನ್ನು ತಗೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ವೈಫೈ ಇದೆಯಾ, ಆ್ಯಪ್ ಇದೆಯಾ, ಒಂದೇ ಸಲ ಎಷ್ಟು ಕೋಳಿ ಹಿಡಿಯುತ್ತದೆ ಅಂತ. ನಾವು 2020ರ ಬೇಸಿಗೆಯಲ್ಲಿ ತಗೊಂಡ ಗ್ರಿಲ್ ಇವತ್ತಿಗೂ ಹಿತ್ತಲಿನ ಡೆಕ್ ಮೇಲೆ ಕೆಲಸ ಮಾಡುತ್ತಿದೆ. ಇಷ್ಟು ದಿನ ಬಳಸಿದ ಮೇಲೆ ನನಗೆ ಖಚಿತವಾಗಿ ಅನಿಸಿರುವುದು ಇದು: ಮೊದಲು ನೋಡಬೇಕಾದ್ದು ಫೈರ್ ಪಾಟ್ (ಬೆಂಕಿ ಉರಿಯುವ ಡಬ್ಬಿ), ಹಾಪರ್ (ಪೆಲೆಟ್ ತುಂಬುವ ಪೆಟ್ಟಿಗೆ) ಮುಚ್ಚಳ, ಮತ್ತೆ ಬಿಡಿಭಾಗ ಸುಲಭವಾಗಿ ಸಿಗುತ್ತದೆಯಾ ಅನ್ನೋದು. ಆ್ಯಪ್ ಆಮೇಲೆ.

ನಾವಿರುವುದು ಡೆಟ್ರಾಯಿಟ್ ಹತ್ತಿರ. ಚಳಿಗಾಲದಲ್ಲಿ ಹಿಮ, ವಸಂತದಲ್ಲಿ ಬಿಡದ ಮಳೆ, ಬೇಸಿಗೆಯಲ್ಲಿ ಬೆವರು ಸುರಿಯುವ ಸೆಕೆ. ಡೆಕ್‌ಗೆ ಸೂರಿಲ್ಲ, ಗ್ರಿಲ್‌ಗೆ ಕವರ್ ಮಾತ್ರ. ನಮ್ಮದು ಮಧ್ಯಮ ಬೆಲೆಯದು. ಬಣ್ಣ ಬಳಿದ ಉಕ್ಕಿನ ಮೈ, ದೊಡ್ಡ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುತ್ತಾರಲ್ಲ, ಆ ಥರದ್ದು. ಕಂಪನಿ ಹೆಸರು ಹೇಳುವುದಿಲ್ಲ. ಈ ಬೆಲೆಯ ಗ್ರಿಲ್‌ಗಳ ಹೊಟ್ಟೆಯೊಳಗೆ ಇರುವುದು ಹೆಚ್ಚುಕಡಿಮೆ ಒಂದೇ ಸಾಮಾನು.

ಅದಕ್ಕೊಂದು ಕಾರಣವೂ ಇದೆ. ಈ ಗ್ರಿಲ್ ಹುಟ್ಟಿದ್ದು ಆರೆಗಾನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಸಣ್ಣ ಊರಿನಲ್ಲಿ. ಮನೆ ಬೆಚ್ಚಗಿಡುವ ಪೆಲೆಟ್ ಒಲೆಗಳ ಕೆಲಸದಲ್ಲಿದ್ದ ಜೋ ಟ್ರೇಗರ್ 1980ರ ದಶಕದ ಮಧ್ಯದಲ್ಲಿ ಅದೇ ಉರುವಲಿನಿಂದ ಅಡುಗೆ ಮಾಡುವ ಗ್ರಿಲ್ ಮಾಡಿದರು. 1986ರಲ್ಲಿ ಪೇಟೆಂಟ್ ಸಿಕ್ಕಿತು, 2006ರಲ್ಲಿ ಅದರ ಅವಧಿ ಮುಗಿಯಿತು. ಆಮೇಲೆ ಹತ್ತಾರು ಕಂಪನಿಗಳು ಬಂದವು. ಬಣ್ಣ, ಹಿಡಿ, ಪರದೆ ಬೇರೆ ಬೇರೆ. ಒಳಗಿನ ಕ್ರಮ ಹಳೆಯದೇ. ಪಕ್ಕದ ಹಾಪರ್‌ನಲ್ಲಿ ಮರದ ಪೆಲೆಟ್ ತುಂಬುತ್ತೀರಿ. ಆಗರ್ ಅನ್ನುವ ಉದ್ದನೆ ಸ್ಕ್ರೂ ನಿಧಾನವಾಗಿ ತಿರುಗಿ ಅದನ್ನು ಫೈರ್ ಪಾಟ್‌ಗೆ ತಳ್ಳುತ್ತದೆ. ಅಲ್ಲಿ ಹಾಟ್ ರಾಡ್ ಕಾದು ಬೆಂಕಿ ಹಚ್ಚುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಕಂಟ್ರೋಲರ್ ಶಾಖ ನೋಡಿಕೊಂಡು ಆಗರ್ ಎಷ್ಟು ತಿರುಗಬೇಕು ಅಂತ ತೀರ್ಮಾನಿಸುತ್ತದೆ. ಇದ್ದಿಲಿನ ಗ್ರಿಲ್‌ನಲ್ಲಿ ತಿರುಗುವ ಭಾಗವೇ ಇಲ್ಲ, ತುಕ್ಕು ಹಿಡಿಯುವ ತನಕ ಬಾಳುತ್ತದೆ. ಇದು ಹಾಗಲ್ಲ. ಇದು ಯಂತ್ರ. ಬೂದಿ, ಜಿಡ್ಡು, ನೀರು ಮೂರರ ಮಧ್ಯೆ ದುಡಿಯುವ ಯಂತ್ರ.

ಪೀಣ್ಯದಲ್ಲಿ ಬಹಳ ವರ್ಷ ಶೀಟ್ ಮೆಟಲ್ ಶಾಪ್ ನಡೆಸಿದ ನಮ್ಮ ಚಿಕ್ಕಪ್ಪ ಒಂದು ಬೇಸಿಗೆ ನಮ್ಮಲ್ಲಿಗೆ ಬಂದಿದ್ದರು. ಬಂದ ಮರುದಿನವೇ ಗ್ರಿಲ್ ಮುಚ್ಚಳಕ್ಕೆ ಬೆರಳಿನಿಂದ ತಟ್ಟಿ ನೋಡಿದರು.

"ಏನಪ್ಪಾ, ಇದು ಹದಿನೆಂಟು ಗೇಜ್ ಎಂಎಸ್ ಅಲ್ವಾ?"

"ನಂಗೊತ್ತಿಲ್ಲ ಚಿಕ್ಕಪ್ಪ, ಎಲ್ಲೂ ಬರೆದಿಲ್ಲ."

"ಬರೆದಿಲ್ಲ ಅಂದ್ರೆ ತೆಳ್ಳಗಿದೆ ಅಂತಾನೇ ಅರ್ಥ. ದಪ್ಪ ಇದ್ರೆ ದೊಡ್ಡದಾಗಿ ಬರೀತಿದ್ರು."

ಅವರ ಮಾತು ನಿಜ. ಎಂಎಸ್ ಅಂದರೆ ಮೈಲ್ಡ್ ಸ್ಟೀಲ್, ಮಾಮೂಲಿ ಉಕ್ಕು; ಗೇಜ್ ಅಂದರೆ ತಗಡಿನ ದಪ್ಪದ ಅಳತೆ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ. 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 10 ಗೇಜ್ ಅಂದರೆ ಸುಮಾರು 3.4 ಮಿ.ಮೀ. ಕ್ಯಾನ್ಸಸ್‌ನ ಹಚಿನ್ಸನ್ ಊರಿನ ಯೋಡರ್ ಕಂಪನಿ ತನ್ನ ಗ್ರಿಲ್ 10 ಗೇಜ್ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ತೂಕವೂ ಹಾಗೇ ಇದೆ, ಇಬ್ಬರು ಸೇರಿದರೂ ಎತ್ತುವುದು ಕಷ್ಟ. ದಪ್ಪ ತಗಡು ಶಾಖ ಹಿಡಿದಿಡುತ್ತದೆ, ಗಾಳಿ ಬೀಸಿದರೂ ಶಾಖ ಅಷ್ಟಾಗಿ ಇಳಿಯುವುದಿಲ್ಲ. ಮಿಷಿಗನ್‌ನ ಜನವರಿಯಲ್ಲಿ ನಮ್ಮ ತೆಳು ಗ್ರಿಲ್ ಪೆಲೆಟ್ ತಿನ್ನುವುದು ನೋಡಿದರೆ ಸಂಕಟವಾಗುತ್ತದೆ. ಆದರೆ ಬಾಳಿಕೆಯ ವಿಷಯಕ್ಕೆ ಬಂದರೆ, ಅಷ್ಟೊಂದು ದುಡ್ಡು ಬರೀ ದಪ್ಪಕ್ಕೆ ಕೊಡಬೇಕಾಗಿಲ್ಲ. ನಮ್ಮ ಗ್ರಿಲ್‌ನ ಮೈ ಎಲ್ಲೂ ತೂತಾಗಿಲ್ಲ. ಕೆಟ್ಟಿದ್ದೆಲ್ಲ ಒಳಗಿನ ಸಣ್ಣ ಭಾಗಗಳು.

ಚಿಕ್ಕಪ್ಪ ಇನ್ನೊಂದು ಕೆಲಸ ಮಾಡಿದರು. ಫ್ರಿಜ್ ಮೇಲಿದ್ದ ಮ್ಯಾಗ್ನೆಟ್ ತಂದು "ಸ್ಟೇನ್‌ಲೆಸ್" ಅಂತ ಬರೆದಿದ್ದ ಜಾಗಕ್ಕೆಲ್ಲ ಹಿಡಿದರು. ಗಟ್ಟಿಯಾಗಿ ಅಂಟಿಕೊಂಡಿತು. ಸ್ಟೇನ್‌ಲೆಸ್‌ನಲ್ಲಿ ಜಾತಿಗಳಿವೆ, ಅವಕ್ಕೆ ಸಂಖ್ಯೆಯ ಹೆಸರು. ಅಂಟಿತು ಅಂದರೆ ಅದು 304 ಅಲ್ಲ, 430 ಜಾತಿಯದು. 304ರಲ್ಲಿ ಸುಮಾರು 18% ಕ್ರೋಮಿಯಂ ಜೊತೆ 8% ನಿಕ್ಕಲ್ ಇರುತ್ತದೆ. 430ರಲ್ಲಿ ನಿಕ್ಕಲ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಅದಕ್ಕೇ ಅಗ್ಗ, ಮಳೆಯಲ್ಲಿ ಕಂದು ಚುಕ್ಕೆ ಬೇಗ ಏಳುತ್ತವೆ. ಮ್ಯಾಗ್ನೆಟ್ ಅಂಟದಿದ್ದರೆ ಅದು 304 ಅಂತ ಗ್ಯಾರಂಟಿಯೇನಿಲ್ಲ, 202 ಅನ್ನುವ ಇನ್ನೊಂದು ಜಾತಿಗೂ ಅಂಟುವುದಿಲ್ಲ. 304 ತಗಡಿನಲ್ಲೂ ಮಡಿಸಿದ ಅಂಚಿನಲ್ಲಿ ಸ್ವಲ್ಪ ಎಳೆಯಬಹುದು, ಆದ್ದರಿಂದ ಮಧ್ಯಭಾಗಕ್ಕೇ ಹಿಡಿದು ನೋಡಿ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇರಲಿ.

ಈಗ ಫೈರ್ ಪಾಟ್ ವಿಷಯ. ನನ್ನ ಪ್ರಕಾರ ಇಡೀ ಗ್ರಿಲ್‌ನ ಆಯಸ್ಸು ಇರುವುದು ಇಲ್ಲಿ. ಒಂದು ದೊಡ್ಡ ಲೋಟದಷ್ಟು ಅಗಲದ ಡಬ್ಬಿ, ಸುತ್ತ ಗಾಳಿಗೆ ತೂತುಗಳು, ಪಕ್ಕದಿಂದ ಹಾಟ್ ರಾಡ್‌ನ ತುದಿ ಇಣುಕುತ್ತಿರುತ್ತದೆ. ಬೆಂಕಿ ಉರಿಯುವುದು ಇದರೊಳಗೆ ಮಾತ್ರ. ಕೆಂಪಗೆ ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ. ಪ್ರತಿ ಸಲ ಒಂದು ತೆಳು ಚಕ್ಕೆ ಏಳುತ್ತದೆ. ಅದರ ಜೊತೆ ಬೂದಿ. ಒಣ ಬೂದಿಯಿಂದ ಅಷ್ಟು ತೊಂದರೆಯಿಲ್ಲ. ಆದರೆ ಬೂದಿ ಗಾಳಿಯ ತೇವ ಹೀರಿ ಹಿಡಿದುಕೊಳ್ಳುತ್ತದೆ, ಅದರಲ್ಲಿರುವ ಲವಣಗಳು ಕರಗಿ ರಾತ್ರಿಯೆಲ್ಲ ತಗಡನ್ನು ತಿನ್ನುತ್ತವೆ. ನಮ್ಮದರಲ್ಲಿ ಮೊದಲು ಅಗಲವಾದದ್ದು ಕೆಳಗಿನ ಸಾಲಿನ ತೂತುಗಳು. ದುಂಡಗಿದ್ದವು ಮೊಟ್ಟೆಯಾಕಾರವಾದವು. ಆಮೇಲೆ ಎರಡು ತೂತುಗಳ ನಡುವಿನ ತಗಡು ಸ್ಕ್ರೂಡ್ರೈವರ್ ತುದಿಗೆ ಪುಡಿಯಾಗಿ ಉದುರಿತು. ಗಾಳಿ ಲೆಕ್ಕ ತಪ್ಪಿದ ಮೇಲೆ ಶಾಖ ಏರುಪೇರಾಗತೊಡಗಿತು. ಎಷ್ಟೋ ಜನ ಇಲ್ಲಿ ಕಂಟ್ರೋಲರ್ ಕೆಟ್ಟಿದೆ ಅಂದುಕೊಂಡು ದುಬಾರಿ ಭಾಗ ಬದಲಿಸುತ್ತಾರೆ. ಮೊದಲು ಬೂದಿ ತೆಗೆದು ಫೈರ್ ಪಾಟ್ ನೋಡಿ. ಶಾಖ ಅಳೆಯುವ ಕಡ್ಡಿಗೆ ಮಸಿ ಕಟ್ಟಿದ್ದರೆ ಅದನ್ನೂ ಒರೆಸಿ. ಅರ್ಧಕ್ಕರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ನಾನು ಹೊಸದನ್ನು ಸ್ಟೇನ್‌ಲೆಸ್‌ನದೇ ಹಾಕಿಸಿಕೊಂಡೆ. ಬೇರೆಯವರು ಮಾಡಿ ಮಾರುವ ಫೈರ್ ಪಾಟ್, ದಪ್ಪವೂ ಜಾಸ್ತಿ. ನಾಲ್ಕು ಸ್ಕ್ರೂ ಬಿಚ್ಚಿದರೆ ಹಳೆಯದು ಬರಬೇಕು. ಸ್ಕ್ರೂಗಳು ತುಕ್ಕಿನಲ್ಲಿ ಕಚ್ಚಿಕೊಂಡಿದ್ದವು, ಕತ್ತರಿಸಬೇಕಾಯಿತು. ಕಂಪನಿಯವರು ಸ್ಕ್ರೂ ಒಂದನ್ನಾದರೂ ಸ್ಟೇನ್‌ಲೆಸ್ ಕೊಡಬಹುದಿತ್ತು ಅಂತ ನನಗೆ ಈಗಲೂ ಬೇಜಾರಿದೆ. ಎಷ್ಟು ಸಣ್ಣ ಖರ್ಚು ಅದು!

ಹಾಪರ್ ಮುಚ್ಚಳ ಎರಡನೆಯ ದುರ್ಬಲ ಜಾಗ. ಪೆಲೆಟ್ ಮಾಡುವುದು ಗರಗಸದ ಹೊಟ್ಟನ್ನು ಬಿಸಿ ಅಚ್ಚಿನ ತೂತುಗಳಿಂದ ಚಕ್ಕುಲಿ ಒತ್ತಿದ ಹಾಗೆ ಒತ್ತಿ. ಮರದಲ್ಲೇ ಇರುವ ಲಿಗ್ನಿನ್ ಶಾಖಕ್ಕೆ ಮೆತ್ತಗಾಗಿ ಅಂಟಾಗುತ್ತದೆ, ಬೇರೆ ಗೋಂದು ಬೇಡ. ಆದ್ದರಿಂದ ನೀರು ಬಿದ್ದ ತಕ್ಷಣ ಅದು ಉಬ್ಬಿ ಮತ್ತೆ ಹೊಟ್ಟಾಗುತ್ತದೆ. ಆಗರ್ ಕೊಳವೆಯೊಳಗೆ ಹಾಗೆ ಉಬ್ಬಿ ಒಣಗಿತು ಅಂದರೆ ಮುಗಿಯಿತು, ಸ್ಕ್ರೂ ತಿರುಗುವುದಿಲ್ಲ. ನಮ್ಮ ಗ್ರಿಲ್‌ನ ಮುಚ್ಚಳ ಚಪ್ಪಟೆ. ಅಂಚಿಗೆ ಕೆಳಕ್ಕೆ ಮಡಿಕೆ ಇಲ್ಲ, ಹಿಂಜ್ ಹತ್ತಿರ ಸಂದು ಇದೆ. ಕವರ್ ಹಾಕಿದ್ದರೂ ಗಾಳಿಮಳೆಯ ಒಂದು ರಾತ್ರಿ ಸಾಕಾಯಿತು. ಮೋಟಾರ್ ಬಿಚ್ಚಿ, ಆಗರ್ ತುದಿಗೆ ಪೈಪ್ ವ್ರೆಂಚ್ ಹಾಕಿ, ಹಿಂದಕ್ಕೆ ಮುಂದಕ್ಕೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ ಬಿಡಿಸಬೇಕಾಯಿತು. ಮೋಟಾರ್ ಮಾತ್ರ ಉಳಿಯಿತು. ಮೋಟಾರನ್ನು ಆಗರ್‌ಗೆ ಸೇರಿಸುವ ಸಣ್ಣ ಪಿನ್ ಮೊದಲು ಮುರಿಯುವಂತೆ ಮಾಡಿರುತ್ತಾರೆ, ಅದು ಮುರಿದುಕೊಂಡು ಮೋಟಾರನ್ನು ಕಾಪಾಡಿತು. ಇದು ನಿಜಕ್ಕೂ ಒಳ್ಳೆಯ ಎಂಜಿನಿಯರಿಂಗ್, ಮನಸಾರೆ ಮೆಚ್ಚುತ್ತೇನೆ.

ಆಮೇಲೆ ಬಾಗಿಲಿಗೆ ಅಂಟಿಸುವ ಸಿಲಿಕೋನ್ ಪಟ್ಟಿ ತಂದು ಮುಚ್ಚಳದ ಒಳಗೆ ಸುತ್ತ ಅಂಟಿಸಿದೆ. ಅದಾದ ಮೇಲೆ ನೀರು ಬಂದಿಲ್ಲ. ಇನ್ನೂ ಮುಖ್ಯವಾದದ್ದು, ಕೆಲವು ದಿನ ಬಳಸುವುದಿಲ್ಲ ಅಂತಾದರೆ ಹಾಪರ್ ಖಾಲಿ ಮಾಡುವುದು. ಕೆಳಗೆ ಬಾಗಿಲಿರುವ ಹಾಪರ್ ಆದರೆ ಬಕೆಟ್ ಇಟ್ಟು ಎಳೆದರೆ ಆಯಿತು. ಆ ಬಾಗಿಲಿಲ್ಲದ ಗ್ರಿಲ್ ತಗೊಳ್ಳಲೇಬೇಡಿ. ಪೆಲೆಟ್ ಮೂಟೆಯನ್ನು ಗ್ಯಾರೇಜಿನ ನೆಲದ ಮೇಲೆ ಇಡಬೇಡಿ, ಗಟ್ಟಿ ಮುಚ್ಚಳದ ಬಕೆಟ್‌ಗೆ ಸುರಿದುಬಿಡಿ. 20 ಪೌಂಡ್ ಮೂಟೆ 5 ಗ್ಯಾಲನ್ ಬಕೆಟ್‌ನಲ್ಲಿ ಹೆಚ್ಚುಕಡಿಮೆ ಹಿಡಿಯುತ್ತದೆ. ಒಳ್ಳೆ ಪೆಲೆಟ್ ಮುರಿದರೆ ಪಟ್ ಅನ್ನಬೇಕು. ಸದ್ದಿಲ್ಲದೆ ಪುಡಿಯಾದರೆ ತೇವ ಹಿಡಿದಿದೆ.

ಹಾಟ್ ರಾಡ್ ಸವೆಯುವ ಭಾಗ ಅಂತಲೇ ತಿಳಿದುಕೊಳ್ಳಿ. ನಮ್ಮದು ಬದಲಾಗಿದೆ, ಇನ್ನೂ ಬದಲಾಗುತ್ತದೆ. ಹೊತ್ತಿಸುವಾಗ ಮಾತ್ರ ಅದಕ್ಕೆ ಇನ್ನೂರು ಮುನ್ನೂರು ವಾಟ್ ಬೇಕು, ಉಳಿದ ಹೊತ್ತಿನಲ್ಲಿ ಇಡೀ ಗ್ರಿಲ್ ಒಂದು ಹಳೆಯ ಬಲ್ಬಿನಷ್ಟು ಕರೆಂಟ್ ಎಳೆಯುತ್ತದೆ. ನೆಂಟರು ಬಂದ ದಿನವೇ ರಾಡ್ ಸತ್ತರೆ, ಫೈರ್ ಪಾಟ್‌ಗೆ ಒಂದು ಹಿಡಿ ಪೆಲೆಟ್ ಹಾಕಿ, ಟಾರ್ಚ್ ಲೈಟರ್‌ನಿಂದ ಹೊತ್ತಿಸಿ, ಕೆಂಡ ಆದ ಮೇಲೆ ಗ್ರಿಲ್ ಆನ್ ಮಾಡಿ. ಅಡುಗೆ ನಿಲ್ಲುವುದಿಲ್ಲ.

ಬಣ್ಣ ನಮ್ಮದರಲ್ಲಿ ಫೈರ್ ಪಾಟ್ ನೇರ ಕೆಳಗಿನ ಹೊಟ್ಟೆಭಾಗದಲ್ಲಿ ಎದ್ದಿದೆ, ಬೇರೆಲ್ಲೂ ಇಲ್ಲ. ಹೆಚ್ಚು ಶಾಖ ತಡೆಯುವ ಕಪ್ಪು ಸ್ಪ್ರೇ ಹೊಡೆದೆ, ಸಾಕಾಯಿತು. ಮುಚ್ಚಳದ ಒಳಗಿನಿಂದ ಉದುರುವ ಕಪ್ಪು ಚಕ್ಕೆ ಬಣ್ಣ ಅಲ್ಲ, ಜಿಡ್ಡು ಮತ್ತು ಹೊಗೆ ಸುಟ್ಟು ಕಟ್ಟಿದ ಪದರ. ಪ್ಲಾಸ್ಟಿಕ್ ಪುಟ್ಟಿ ಚಾಕುವಿನಿಂದ ಕೆರೆದರೆ ಹೋಗುತ್ತದೆ. ತುರಿಗಳ ಮೇಲಿನ ಎನಾಮಲ್ ಮಾತ್ರ ತಂತಿ ಬ್ರಷ್‌ಗೆ ಸಿಡಿಯುತ್ತದೆ. ಬಿಸಿ ಇರುವಾಗಲೇ ಮರದ ಕೆರೆಗೋಲಿನಿಂದ ಉಜ್ಜಿ.

ಜಿಡ್ಡಿನ ತಟ್ಟೆ ಬಗ್ಗೆ ಗಟ್ಟಿಯಾಗಿ ಹೇಳಬೇಕು. ನಮ್ಮ ಮನೆಯಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡುವುದು, ಮುಸುಕಿನ ಜೋಳ, ಪನೀರ್ ಇವೇ ಜಾಸ್ತಿ, ಕೋಳಿ ವಾರಾಂತ್ಯಕ್ಕೆ. ಆದರೂ ಮೊಸರು, ಉಪ್ಪು, ನಿಂಬೆಹುಳಿ ಹಚ್ಚಿದ ಕೋಳಿಯಿಂದ ಸುರಿಯುವುದು ತಟ್ಟೆಯಲ್ಲಿ ಹಾಗೇ ಉಳಿದರೆ ಎರಡು ಕೇಡು: ತಟ್ಟೆ ತುಕ್ಕು ಹಿಡಿಯುತ್ತದೆ, ಇನ್ನೊಂದು ದಿನ ಶಾಖ ಏರಿಸಿದಾಗ ಅದೇ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಮುಚ್ಚಳ ತೆಗೆಯಬೇಡಿ, ನೀರು ಹಾಕಬೇಡಿ, ಪ್ಲಗ್ ಕಿತ್ತು ದೂರ ನಿಲ್ಲಿ. ಮಾಮೂಲಿ ದಿನಗಳಲ್ಲಿ ಮಾತ್ರ ಪ್ಲಗ್ ಕೀಳಬಾರದು. ಆಫ್ ಒತ್ತಿದ ಮೇಲೂ ಫ್ಯಾನ್ ಓಡುತ್ತಾ ಉಳಿದ ಪೆಲೆಟ್ ಸುಡುತ್ತದೆ. ಅದು ತಾನೇ ನಿಲ್ಲಲಿ, ಇಲ್ಲದಿದ್ದರೆ ಬೆಂಕಿ ಆಗರ್ ಹಿಡಿದು ಹಾಪರ್ ಕಡೆ ಹಿಂದಕ್ಕೆ ಬರಬಹುದು.

ವಾರಂಟಿ ಎಷ್ಟು ವರ್ಷ ಅನ್ನುವುದಕ್ಕಿಂತ ಏನನ್ನು ಬಿಟ್ಟಿದ್ದಾರೆ ಅಂತ ಓದಿ. ತುಕ್ಕು, ಬಣ್ಣ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ.

ಬೆಂಗಳೂರಿಗೆ ವಾಪಸ್ ಹೋಗುವಾಗ ಇದನ್ನು ಕಂಟೇನರ್‌ನಲ್ಲಿ ಒಯ್ಯಬಹುದಾ ಅಂತ ಗೆಳೆಯರು ಕೇಳುತ್ತಾರೆ. ಬೇಡ ಅನ್ನುತ್ತೇನೆ. ಇಲ್ಲಿನದು 120 ವೋಲ್ಟ್, 60 ಹರ್ಟ್ಸ್. ಊರಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಆದರೆ ಎಸಿ ಮೋಟಾರಿನ ಆಗರ್ ನಿಧಾನವಾಗುತ್ತದೆ, ಕಂಟ್ರೋಲರ್ ಲೆಕ್ಕ ತಪ್ಪುತ್ತದೆ. ಊರಲ್ಲಿ ಬಾಯ್ಲರ್‌ಗೆ ಮಾರುವ ಪೆಲೆಟ್ ಎಷ್ಟೋ ಸಲ ಕಡಲೆಕಾಯಿ ಸಿಪ್ಪೆ, ಹೊಲದ ಕಸ, ಹೊಟ್ಟು ಎಲ್ಲ ಬೆರೆಸಿದ್ದು. ಅದರ ಹೊಗೆ ಊಟಕ್ಕೆ ತಾಕಬಾರದು.

ಇಲ್ಲೇ ಇದ್ದು ಹಳೆಯದು ಕೊಳ್ಳುವವರಿಗೆ ಒಂದು ಮಾತು. ಮಾರುವವರನ್ನು ಒಪ್ಪಿಸಿ ಒಳಗಿನ ತಟ್ಟೆಗಳನ್ನೆಲ್ಲ ಎತ್ತಿಸಿ, ನಿಮ್ಮೆದುರೇ ತಣ್ಣಗಿನ ಗ್ರಿಲ್ ಹೊತ್ತಿಸಲು ಹೇಳಿ. ಆಗರ್ ತಿರುಗುವಾಗ ಕಿರುಗುಟ್ಟುತ್ತದೆಯಾ ಕೇಳಿಸಿಕೊಳ್ಳಿ. ಫೈರ್ ಪಾಟ್, ರಾಡ್, ಫ್ಯಾನ್ ಹೋಗಿದ್ದರೆ ಆ ದುಡ್ಡು ಕಳೆದು ಧೈರ್ಯವಾಗಿ ತಗೊಳ್ಳಿ, ಎಲ್ಲವೂ ಮನೆಯಲ್ಲೇ ಬದಲಿಸುವಂಥವು. ಗ್ರಿಲ್‌ನ ತಳ ಅಥವಾ ಹಾಪರ್ ಕೆಳಗಿನ ತಗಡು ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗುವಂತಿದ್ದರೆ, ಎಷ್ಟೇ ಅಗ್ಗವಾಗಿ ಕೊಟ್ಟರೂ ಬಿಟ್ಟು ಬನ್ನಿ.