ಕಂಪ್ಯೂಟರಿನ ತಾರೀಖು ಹಿಂದೆ ಹೋದರೆ ವೈರಸ್ ಅಂತ ಹೆದರಬೇಡಿ, ಮೊದಲು ಸೆಲ್ ನೋಡಿಸಿ

ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಊದುಬತ್ತಿ ಗೋಡೌನಿನಲ್ಲಿ ಬಿಲ್ಲಿಂಗ್, ಡಿಸ್ಪ್ಯಾಚ್ ಎರಡೂ ನನ್ನದೇ ಕೆಲಸ. ಹೋದ ತಿಂಗಳು ಎರಡೇ ದಿನದಲ್ಲಿ ನಲವತ್ತು ಸಾವಿರದ ಮೇಲೆ ಕಳೆದುಕೊಂಡೆವು. ನಿಮಗೆ ಹಾಗಾಗಬಾರದು ಅಂತ ಬರೀತಿದ್ದೀನಿ.

ಬೆಳಗ್ಗೆ ಹುಬ್ಬಳ್ಳಿ ಲೋಡು ಹೊರಡಬೇಕಿತ್ತು. 50,000 ರೂಪಾಯಿ ದಾಟಿದ ಮಾಲು, ಇ-ವೇ ಬಿಲ್ (ಮಾಲು ಸಾಗಿಸೋಕೆ ಜಿಎಸ್‌ಟಿ ಸೈಟಿನಲ್ಲಿ ಮಾಡೋ ಚೀಟಿ) ಇಲ್ಲದೆ ಗಾಡಿ ಬಿಡೋ ಹಾಗಿಲ್ಲ. ಆ ಸೈಟೇ ತೆರೀತಿಲ್ಲ, ಡಿಸ್ಪ್ಯಾಚ್ ಸಾಫ್ಟ್‌ವೇರಿಗೂ ಸರ್ವರ್ ಸಿಗ್ತಿಲ್ಲ. ಕ್ರೋಮ್‌ನಲ್ಲಿ ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ (ನಿಮ್ಮ ಗಡಿಯಾರ ಹಿಂದಿದೆ) ಅಂತ ಬಂದಿತ್ತು. ನಾನು ಅದನ್ನ ಓದಲೇ ಇಲ್ಲ. ಡ್ರೈವರ್ ಬಾಗಿಲಲ್ಲಿ ನಿಂತು “ಆಯ್ತಾ ಅಕ್ಕಾ?” ಅಂತ ಕೇಳ್ತಾನೇ ಇದ್ದ. ಗಾಬರಿಯಲ್ಲಿ ಮೊಬೈಲಲ್ಲಿ ಹುಡುಕಿ, ಮೊದಲು ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದೆ.

“ಕೆಳಗೆ ಬಲಗಡೆ ಮೂಲೆ ನೋಡಿ ಮೇಡಂ” ಅಂದ ಫೋನ್ ಎತ್ತಿದವನು. 2018ನೇ ಇಸವಿ ತೋರಿಸ್ತಿತ್ತು! ಇವತ್ತಿನ ತಾರೀಖು ಹಾಕಿಸಿದ, ಸೈಟು ತೆರೀತು, ಲಾರಿ ಹೊರಟಿತು. ಕೆಲಸ ಅಲ್ಲಿಗೇ ಮುಗಿದಿತ್ತು. ಅವನು ಬಿಡಲಿಲ್ಲ. “ಇದು ವೈರಸ್ ಮಾಡಿರೋದು, ನಾಳೆ ಮತ್ತೆ ಬರುತ್ತೆ” ಅಂತ ಹೇಳಿ ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸೋ ಎನಿಡೆಸ್ಕ್ ಹಾಕಿಸಿಕೊಂಡು, ವಿಂಡೋಸ್ ತನ್ನೊಳಗಿನ ಆಗುಹೋಗು ಬರೆದಿಡೋ ಈವೆಂಟ್ ವ್ಯೂವರ್ ತೆರೆದ. ಸಾಲುಗಟ್ಟಲೆ ಕೆಂಪು ಗುರುತು. ಯಾವ ವಿಂಡೋಸ್ ಕಂಪ್ಯೂಟರಿನಲ್ಲಾದರೂ ಅಂಥ ಗುರುತು ಇದ್ದೇ ಇರುತ್ತೆ ಅಂತ ನನಗೆ ಆಮೇಲೆ ಗೊತ್ತಾಯಿತು. 4,999 ರೂಪಾಯಿ ಯುಪಿಐ ಮಾಡಿದೆ.

ಮಾರನೇ ದಿನ ನಿಜವಾಗಲೂ ಮತ್ತೆ 2018! ಅವನು ಹೇಳಿದ್ದೇ ಆಯ್ತಲ್ಲ ಅಂತ ನಂಬಿಕೆ ಇನ್ನೂ ಗಟ್ಟಿಯಾಯಿತು. ಫೋನ್ ಮಾಡಿದೆ. ಹಳೇ ದುಡ್ಡು ವಾಪಸ್ ಹಾಕ್ತೀನಿ, ನೆಟ್ ಬ್ಯಾಂಕಿಂಗ್ ತೆರೀರಿ ಅಂದ. ಸ್ಕ್ರೀನ್ ಕಪ್ಪಾಯಿತು. ಬಂದ ಓಟಿಪಿ ಕೇಳಿದ, ಹೇಳಿಬಿಟ್ಟೆ. 38,000 ಹೋಯಿತು.

ಕೂಡಲೇ ವೈರ್ ಕಿತ್ತು, ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಫೋನ್ ಮಾಡಿದೆವು. ಸಂಜೆ ಪಕ್ಕದ ಯುಪಿಎಸ್ ರಿಪೇರಿ ಹುಡುಗ ಬಂದ. ಅವನು ಕೇಳಿದ ಮೊದಲ ಮಾತು: “ರಾತ್ರಿ ಮೇನ್ ಸ್ವಿಚ್ ಆಫ್ ಮಾಡ್ತೀರಾ ಅಕ್ಕಾ?” ಹೌದು, ಕರೆಂಟ್ ಬಿಲ್ ಉಳಿಸೋಕೆ ಆಗಷ್ಟೇ ಶುರು ಮಾಡಿದ್ದೆವು. ಸಿಪಿಯು ಬಿಚ್ಚಿ, ಮದರ್‌ಬೋರ್ಡಿನಿಂದ ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಮಲ್ಟಿಮೀಟರ್ ಇಟ್ಟ. 3 ವೋಲ್ಟ್ ಇರಬೇಕಾದ ಕಡೆ 1.9. ಕರೆಂಟ್ ಪೂರ್ತಿ ಇಲ್ಲದಾಗ ಗಡಿಯಾರ ನಡೆಯೋದು ಈ ಸೆಲ್ಲಿನಿಂದಲೇ. ಅದು ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತೆ. ಸೈಟು ಅಸಲಿ ಅಂತ ಬ್ರೌಸರಿಗೆ ತೋರಿಸೋ ಡಿಜಿಟಲ್ ಪ್ರಮಾಣಪತ್ರಕ್ಕೆ ಶುರುವಾಗೋ ದಿನ, ಮುಗಿಯೋ ದಿನ ಎರಡೂ ಇರುತ್ತೆ. ಕಂಪ್ಯೂಟರ್ 2018ರಲ್ಲಿ ಕೂತಿದ್ದರೆ ಈಗಿನ ಪ್ರಮಾಣಪತ್ರ ಅದಕ್ಕೆ ಇನ್ನೂ ಹುಟ್ಟೇ ಇಲ್ಲ, ಬಾಗಿಲು ತೆಗೆಯಲ್ಲ. ಹೊಸ ಸೆಲ್ ವಾಚ್ ಅಂಗಡಿಯಲ್ಲೇ ಸಿಕ್ಕಿತು, ನಲವತ್ತು ರೂಪಾಯಿ.

ಸೈಟು, ಸಾಫ್ಟ್‌ವೇರ್ ಎರಡೂ ಒಟ್ಟಿಗೆ ಕೈಕೊಟ್ಟರೆ ದಯವಿಟ್ಟು ಮೊದಲು ತಾರೀಖು, ಇಸವಿ ನೋಡಿ. ಟೈಮ್‌ಜೋನ್ ಭಾರತದ್ದೇ (+5:30) ಇದೆಯಾ ಅಂತಲೂ ನೋಡಿ. ಸಾಫ್ಟ್‌ವೇರಿನವರ ನಂಬರ್ ಬಿಲ್ಲಿನ ಮೇಲೇ ಇರುತ್ತೆ, ಅದಕ್ಕೇ ಮಾಡಿ. ಪರದೆ ಬೇರೆಯವರ ಕೈಯಲ್ಲಿರುವಾಗ ಬ್ಯಾಂಕ್ ತೆರೀಬೇಡಿ, ಯಾರೇ ಕೇಳಲಿ. ನಮ್ಮ ದೂರು ದಾಖಲಾಗಿದೆ, ದುಡ್ಡು ಇನ್ನೂ ಬಂದಿಲ್ಲ.