ಸೀಟಿನಡಿಯ ಹಳದಿ ಕಪ್ಲರ್, ಆರದ ಏರ್‌ಬ್ಯಾಗ್ ದೀಪ: ವಿಸಿಡಿಎಸ್ ಐದು ವರ್ಷ ಬಳಸಿದ ಮೇಲೆ

ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದೆ ನಿಂತಿದೆ ಎಂದರೆ ಯಾವುದೋ ಒಂದು ಸರ್ಕ್ಯೂಟ್, ಕೆಲವೊಮ್ಮೆ ಇಡೀ ವ್ಯವಸ್ಥೆಯೇ, ಅಪಘಾತದ ಹೊತ್ತಿಗೆ ಕೈಕೊಡಬಹುದು. ಕಾರು ಎಂದಿನಂತೆ ಓಡುತ್ತಿರುತ್ತದೆ, ಅದಕ್ಕೇ ಜನ ತಿಂಗಳುಗಟ್ಟಲೆ ಬಿಟ್ಟುಬಿಡುತ್ತಾರೆ. ಇನ್ನು ಕೆಲವರಿಗೆ ಗ್ಯಾರೇಜಿನಲ್ಲಿ ಹೊಸ ಸೈಡ್ ಏರ್‌ಬ್ಯಾಗ್‌ಗೋ ಹೊಸ ಮಾಡ್ಯೂಲ್‌ಗೋ (ಏರ್‌ಬ್ಯಾಗ್‌ಗಳನ್ನು ನಿಯಂತ್ರಿಸುವ ಪೆಟ್ಟಿಗೆ) ದೊಡ್ಡ ಎಸ್ಟಿಮೇಟ್ ಸಿಗುತ್ತದೆ. ತಪ್ಪು ಇರುವುದು ಬಹುಪಾಲು ಸೀಟಿನ ಕೆಳಗೆ ವೈರುಗಳನ್ನು ಜೋಡಿಸುವ ಹಳದಿ ಪ್ಲಗ್ಗಿನಲ್ಲಿ, ಅಂದರೆ ಕಪ್ಲರ್‌ನಲ್ಲಿ, ಅದರೊಳಗಿನ ಎರಡು ಪುಟ್ಟ ಪಿನ್ನುಗಳಲ್ಲಿ. ಅದನ್ನು ಖಚಿತವಾಗಿ ಹಿಡಿಯಲು ರಾಸ್-ಟೆಕ್ ಕಂಪನಿಯ ವಿಸಿಡಿಎಸ್ ಎಂಬ ಸ್ಕ್ಯಾನರ್ ಸಾಫ್ಟ್‌ವೇರ್ ಎಷ್ಟು ನೆರವಾಗುತ್ತದೆ ಎಂಬುದೇ ಈ ವಿಮರ್ಶೆ. ಕಾರಿಗೂ ಲ್ಯಾಪ್‌ಟಾಪಿಗೂ ನಡುವೆ ಬಳಸಿದ್ದು ಅದೇ ಕಂಪನಿಯ ಹೆಕ್ಸ್-ವಿ2 ಕೇಬಲ್. ಬಳಸಿದ ಕಾರುಗಳು ಸ್ಕೋಡಾ ಲಾರಾ, ಮೂರನೇ ತಲೆಮಾರಿನ ಆಕ್ಟೇವಿಯಾ ಮತ್ತು ಫೋಕ್ಸ್‌ವ್ಯಾಗನ್ ಜೆಟ್ಟಾ. ಮೂರರಲ್ಲೂ ಸೀಟಿನೊಳಗೆ ಸೈಡ್ ಏರ್‌ಬ್ಯಾಗ್ ಇರುವ ಮಾದರಿಗಳು.

ಮೊದಲೇ ಒಂದು ಮಾತು. ಐನೂರು ರೂಪಾಯಿಯ ಬ್ಲೂಟೂತ್ ಇಎಲ್‌ಎಂ327 ಸ್ಕ್ಯಾನರ್ ಡಬ್ಬಿ ಸಾಮಾನ್ಯವಾಗಿ ಈ ಕೆಲಸಕ್ಕೆ ಬರುವುದಿಲ್ಲ. ಅದು ಹೆಚ್ಚಾಗಿ ಓದುವುದು ಎಂಜಿನ್ನಿನ ಹೊಗೆ ನಿಯಂತ್ರಣಕ್ಕೆ ಸಂಬಂಧಿಸಿದ ದೋಷದ ಕೋಡ್‌ಗಳನ್ನು. ಏರ್‌ಬ್ಯಾಗ್ ಮಾಡ್ಯೂಲ್ ಜೊತೆ ಮಾತಾಡಲು ಆಯಾ ಕಂಪನಿಯ ಭಾಷೆ ಗೊತ್ತಿರುವ ಸ್ಕ್ಯಾನರ್ ಬೇಕು. ವಿಸಿಡಿಎಸ್‌ಗೆ ಫೋಕ್ಸ್‌ವ್ಯಾಗನ್ ಗುಂಪಿನ ಭಾಷೆ ಚೆನ್ನಾಗಿ ಗೊತ್ತು, ಬೇರೆ ಯಾವುದೂ ಗೊತ್ತಿಲ್ಲ. ಮನೆಯಲ್ಲಿ ಒಂದು ಹ್ಯುಂಡೈ, ಒಂದು ಮಾರುತಿಯೂ ಇದ್ದರೆ ಅವಕ್ಕೆ ಬೇರೆ ಸ್ಕ್ಯಾನರ್ ನೋಡಿಕೊಳ್ಳಿ.

ಕೆಲಸ ಹೀಗೆ ಶುರು. ಕಾರಿನ ಡಯಾಗ್ನೋಸ್ಟಿಕ್ ಸಾಕೆಟ್‌ಗೆ ಕೇಬಲ್ ಚುಚ್ಚಿ, ಇಗ್ನಿಷನ್ ಹಾಕಿ, ವಿಸಿಡಿಎಸ್‌ನ ಪಟ್ಟಿಯಲ್ಲಿ ವಿಳಾಸ 15, ಅಂದರೆ ಏರ್‌ಬ್ಯಾಗ್ಸ್, ತೆರೆಯಬೇಕು. ಕೋಡ್‌ಗಳನ್ನು ಅಳಿಸುವ ಮುಂಚೆ ಪೂರ್ತಿ ಆಟೋ-ಸ್ಕ್ಯಾನ್ (ಕಾರಿನ ಎಲ್ಲ ಮಾಡ್ಯೂಲ್‌ಗಳ ವರದಿ) ಉಳಿಸಿಕೊಳ್ಳಿ. ಅಳಿಸಿದ ಮೇಲೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ. ಲಾರಾದಲ್ಲಿ 01217 ಬಂದರೆ ಚಾಲಕನ ಕಡೆಯ ಸೈಡ್ ಏರ್‌ಬ್ಯಾಗ್ (ಎನ್199), 01218 ಬಂದರೆ ಪಕ್ಕದ ಸೀಟಿನದು (ಎನ್200). 00654 ಮತ್ತು 00655 ಸೀಟ್‌ಬೆಲ್ಟ್ ಎಳೆಯುವ ಟೆನ್ಷನರ್‌ಗಳದು. 00588 ಸ್ಟಿಯರಿಂಗ್‌ನಲ್ಲಿರುವ ಏರ್‌ಬ್ಯಾಗಿನದು. ಅದಕ್ಕೂ ಸೀಟಿಗೂ ಸಂಬಂಧವಿಲ್ಲ, ಸ್ಟಿಯರಿಂಗ್ ಹಿಂದಿನ ಸುರುಳಿ ಕೇಬಲ್ ನೋಡಬೇಕು. ಇವುಗಳ ಜೊತೆ 00532 ಇದ್ದರೆ ವೋಲ್ಟೇಜ್ ಸಮಸ್ಯೆ, ಮೊದಲು ಬ್ಯಾಟರಿ ಸರಿಮಾಡಿ. ಸೋತ ಬ್ಯಾಟರಿ ಇಟ್ಟುಕೊಂಡು ಸೀಟು ಬಿಚ್ಚುವುದು ವ್ಯರ್ಥ ಶ್ರಮ.

ಕೋಡ್ ಸಂಖ್ಯೆಗಿಂತ ಅದರ ಪಕ್ಕದ ಸಾಲು ಮುಖ್ಯ. 'ರೆಸಿಸ್ಟೆನ್ಸ್ ಟೂ ಹೈ' (ಪ್ರತಿರೋಧ ವಿಪರೀತ ಹೆಚ್ಚು) ಎಂದಿದ್ದು, ಕೊನೆಗೆ 'ಇಂಟರ್ಮಿಟೆಂಟ್' ಎಂದೂ ಇದ್ದರೆ ಸಂಪರ್ಕ ಬಂದು ಹೋಗುತ್ತಿದೆ ಎಂದು ಅರ್ಥ. ಕಪ್ಲರ್ ಮೇಲಿನ ಅನುಮಾನ ಅಲ್ಲಿಗೇ ಬಲವಾಗುತ್ತದೆ. 'ಟೂ ಲೋ' (ತೀರಾ ಕಡಿಮೆ) ಅಥವಾ ಗ್ರೌಂಡ್‌ಗೆ, ಅಂದರೆ ಕಾರಿನ ಲೋಹಕ್ಕೆ, ಶಾರ್ಟ್ ಎಂದಿದ್ದರೆ ಕಥೆ ಬೇರೆ: ವೈರಿನ ಹೊದಿಕೆ ಸೀಟಿನ ರೈಲಿಗೆ ಸಿಕ್ಕಿ ಹರಿದಿರಬಹುದು, ಇಲಿ ಕಡಿದಿರಬಹುದು.

ಇಷ್ಟು ಸಣ್ಣ ಪಿನ್ನಿಗೆ ಇಷ್ಟು ದೊಡ್ಡ ದೀಪ ಯಾಕೆ? ಏರ್‌ಬ್ಯಾಗ್ ಸಿಡಿಸುವ ಇಗ್ನೈಟರ್‌ನ ಪ್ರತಿರೋಧ ಸುಮಾರು 2 ಓಮ್. ಮಾಡ್ಯೂಲ್ ಅದರೊಳಗೆ ಅತಿ ಸಣ್ಣ ಕರೆಂಟ್ ಹರಿಸಿ ಅಳೆಯುತ್ತಲೇ ಇರುತ್ತದೆ. ಹೆಡ್‌ಲೈಟ್ ಸರ್ಕ್ಯೂಟಿನಲ್ಲಿ ಒಂದು ಓಮ್ ಹೆಚ್ಚಾದರೆ ಬೆಳಕು ಮಂಕಾಗಬಹುದು, ಅಷ್ಟೇ. ಇಲ್ಲಿ ಅದೇ ಒಂದು ಓಮ್ ಎಂದರೆ ಒಟ್ಟು ಲೆಕ್ಕದ ಅರ್ಧ. ಕಾರು ಓಡುವಾಗಿನ ಅದುರಾಟಕ್ಕೆ ಪಿನ್ನು ಸಾಕೆಟ್‌ನೊಳಗೆ ಕೂದಲೆಳೆಯಷ್ಟು ಉಜ್ಜಿಕೊಳ್ಳುತ್ತದೆ, ಲೇಪ ಸವೆಯುತ್ತದೆ, ಸವೆದಲ್ಲಿ ಆಕ್ಸೈಡ್ ಕಟ್ಟುತ್ತದೆ. ದೊಡ್ಡ ಕರೆಂಟ್ ಹರಿಯುವ ಪಿನ್ನಾದರೆ ಆ ಪದರವನ್ನು ತಾನೇ ಭೇದಿಸಿಕೊಳ್ಳುತ್ತದೆ. ಏರ್‌ಬ್ಯಾಗ್ ಸರ್ಕ್ಯೂಟಿನ ಕರೆಂಟಿಗೆ ಆ ಬಲವಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಹೊಳೆಯಬೇಕಾದ ಪಿನ್ನಿನ ಮೇಲೆ ಎಳ್ಳಿನ ತುದಿಯಷ್ಟು ಕಪ್ಪು ಮಚ್ಚೆ ಕಾಣುತ್ತದೆ. ನೀರು ತಾಗಿದ್ದರೆ ಹಸಿರು ಪುಡಿಯೂ ಇರುತ್ತದೆ.

ನೀರು ಎಲ್ಲಿಂದ ಎಂದರೆ, ನಮ್ಮ ಕಡೆ ಮಳೆಗಿಂತ ಹೆಚ್ಚಾಗಿ ಎಸಿಯಿಂದ. ಎಸಿಯ ಡ್ರೇನ್ ಕಟ್ಟಿಕೊಂಡರೆ ನೀರು ಕಾಲಡಿಯ ಕಾರ್ಪೆಟ್‌ಗೆ ಇಳಿಯುತ್ತದೆ. ಮೇಲಿನ ಮ್ಯಾಟ್ ಒಣಗಿಯೇ ಇರುತ್ತದೆ, ಕೆಳಗಿನ ಸ್ಪಂಜು ನೆನೆದಿರುತ್ತದೆ. ಮಂಗಳೂರು, ಉಡುಪಿ ಕಡೆಯ ಹವೆಯಲ್ಲಿ ಅದು ತಿಂಗಳಾದರೂ ಒಣಗದು. ಕಪ್ಲರ್ ಸರಿಮಾಡಿ ಡ್ರೇನ್ ಬಿಟ್ಟರೆ ದೀಪ ಮತ್ತೆ ಬರುತ್ತದೆ. ಇನ್ನೊಂದು ದೊಡ್ಡ ಕಾರಣ ಸೀಟ್ ಕವರ್. ಕವರ್ ಹೊದಿಸಲು ಸೀಟು ಬಿಚ್ಚುತ್ತಾರೆ, ಕಪ್ಲರ್ ತೆಗೆದ ಸ್ಥಿತಿಯಲ್ಲೇ ಕಾರು ಸರಿಸಲು ಕೀ ತಿರುಗಿಸುತ್ತಾರೆ. ಅದೇ ಕ್ಷಣ ಕೋಡ್ ಕೂರುತ್ತದೆ. ಹಾಗೆ ಬಂದ ದೀಪಕ್ಕೆ ಕೋಡ್ ಅಳಿಸಿದರೆ ಸಾಕು. ಆದರೆ ಸೈಡ್ ಏರ್‌ಬ್ಯಾಗ್ ಹೊರಬರುವ ಕಡೆ ಕವರ್‌ನ ಹೊಲಿಗೆ ಬಿಟ್ಟುಕೊಳ್ಳುವಂಥದ್ದೇ ಎಂದು ನೋಡಿ. ಅಲ್ಲದಿದ್ದರೆ ದೀಪ ಆರಿದ್ದರೂ ಬ್ಯಾಗ್ ಸರಿಯಾಗಿ ತೆರೆಯದು.

ಈ ಉಪಕರಣ ನಿಜವಾಗಿ ಬೆಲೆಬಾಳುವುದು ಮೆಷರಿಂಗ್ ಬ್ಲಾಕ್ಸ್‌ನಲ್ಲಿ, ಅಂದರೆ ಮಾಡ್ಯೂಲ್ ಆ ಕ್ಷಣ ಅಳೆಯುತ್ತಿರುವುದನ್ನು ತೋರಿಸುವ ಪುಟದಲ್ಲಿ. ಲಾರಾ ಕಾಲದ ಮಾಡ್ಯೂಲ್ ಓಮ್ ಅಂಕಿ ಕೊಡುವುದಿಲ್ಲ. ಪ್ರತಿ ಸರ್ಕ್ಯೂಟಿಗೆ ಸರಿ, ಹೆಚ್ಚು, ಕಡಿಮೆ ಎಂಬ ಒಂದು ಪದ ಮಾತ್ರ. ಅದೇ ಧಾರಾಳವಾಯಿತು. ಕೋಡ್ ಅಳಿಸಿ, ಇಗ್ನಿಷನ್ ಆನ್ ಇಟ್ಟು, ಸೀಟನ್ನು ಹತ್ತು ಸಲ ಹಿಂದೆ ಮುಂದೆ ತಳ್ಳಿ, ಕೂತು ಏಳಿ. ಸೀಟು ಒಂದು ಜಾಗಕ್ಕೆ ಬಂದಾಗಲೆಲ್ಲ ಪದ ಬದಲಾಗುತ್ತಿದ್ದರೆ ತಪ್ಪು ಸಿಕ್ಕಿತು. ಇಗ್ನಿಷನ್ ಆನ್ ಇರುವಾಗ ಕಪ್ಲರ್‌ಗೆ ಮಾತ್ರ ಕೈ ಹಾಕಬೇಡಿ. ಅಲುಗಾಡಿಸುವುದೇನಿದ್ದರೂ ಸೀಟನ್ನು, ರೈಲಿನ ಮೇಲೆ.

ಬಿಚ್ಚುವ ಮುಂಚೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಹತ್ತು ನಿಮಿಷ ಕಾಯಿರಿ. ಮಾಡ್ಯೂಲ್‌ನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ಏರ್‌ಬ್ಯಾಗ್ ಸಿಡಿಸುವಷ್ಟು ಶಕ್ತಿ ಹಿಡಿದಿಟ್ಟುಕೊಂಡಿರುತ್ತದೆ. ಕಪ್ಲರ್ ಮುಟ್ಟುವ ಮುಂಚೆ ಕಾರಿನ ಬರಿ ಲೋಹ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲಿ. ಹಳದಿ ಕಪ್ಲರ್ ಬಿಚ್ಚಿಕೊಂಡಾಗ ಒಳಗಿನ ಒಂದು ಪುಟ್ಟ ಲೋಹದ ಪಟ್ಟಿ ಏರ್‌ಬ್ಯಾಗ್ ಕಡೆಯ ಎರಡೂ ಪಿನ್ನುಗಳನ್ನು ತಾನೇ ಜೋಡಿಸಿಬಿಡುತ್ತದೆ, ಆಕಸ್ಮಿಕವಾಗಿ ಸಿಡಿಯಬಾರದೆಂದು. ಆ ಪಟ್ಟಿ ಬಾಗಿಸಬೇಡಿ. ಏರ್‌ಬ್ಯಾಗ್‌ಗೆ ನೇರವಾಗಿ ಮಲ್ಟಿಮೀಟರ್ ಹಚ್ಚಲೇಬಾರದು. ಮೀಟರಿನ ಬ್ಯಾಟರಿಯೇ ಇಗ್ನೈಟರ್‌ಗೆ ಕರೆಂಟ್ ಕೊಡುತ್ತದೆ.

ಅದರ ಬದಲು ಎರಡು ರೂಪಾಯಿಯ 2.2 ಓಮ್ ರೆಸಿಸ್ಟರ್ ಬಳಸಿ. ಅದಕ್ಕೆ ಕಪ್ಲರ್‌ನ ಅಳತೆಯದೇ ಟರ್ಮಿನಲ್ (ವೈರಿನ ತುದಿಯ ಪಿನ್ನು) ಕೂರಿಸಿ, ಕಾರಿನ ಕಡೆಯ ಕಪ್ಲರ್‌ಗೆ ಸೈಡ್ ಏರ್‌ಬ್ಯಾಗಿನ ಬದಲಿಗೆ ಚುಚ್ಚಿ. ಬ್ಯಾಟರಿ ಜೋಡಿಸುವಾಗ ಕಾರಿನೊಳಗೆ ಯಾರೂ ಇರಬಾರದು. ಆಮೇಲೆ ಇಗ್ನಿಷನ್ ಹಾಕಿ, ಕೋಡ್ ಅಳಿಸಿ ನೋಡಿ. ಮೆಷರಿಂಗ್ ಬ್ಲಾಕ್‌ನಲ್ಲಿ 'ಸರಿ' ಬಂದರೆ ಕಾರಿನ ಕಡೆಯ ವೈರು ಚೆನ್ನಾಗಿದೆ, ತಪ್ಪು ಸೀಟಿನ ಕಡೆ. ಇನ್ನೂ 'ಹೆಚ್ಚು' ಎಂದೇ ಇದ್ದರೆ ಕಾರ್ಪೆಟ್ ಕೆಳಗಿನ ವೈರು ಅಥವಾ ಕಾರಿನ ಕಡೆಯ ಟರ್ಮಿನಲ್. ಈ ಒಂದು ಪರೀಕ್ಷೆ ಮಾಡದೆ ಯಾರೂ ಹೊಸ ಏರ್‌ಬ್ಯಾಗ್ ಕೊಳ್ಳಬಾರದು. ರೆಸಿಸ್ಟರ್ ಪರೀಕ್ಷೆಗೆ ಮಾತ್ರ. ಅದನ್ನೇ ಒಳಗೆ ಬಿಟ್ಟು ದೀಪ ಆರಿಸಿ ಕಾರು ಮಾರುವವರಿದ್ದಾರೆ. ಹಳೇ ಕಾರು ಕೊಳ್ಳುವವರು ಸೀಟಿನಡಿ ಬಗ್ಗಿ ನೋಡುವುದು ಒಳ್ಳೆಯದು. ಇನ್ನು, ದಪ್ಪ ಸೂಜಿ ಅಥವಾ ಪ್ರೋಬ್ ತುರುಕಿ ಸಾಕೆಟ್ ಅಗಲ ಮಾಡಿದರೆ ಇಲ್ಲದ ತಪ್ಪನ್ನು ನೀವೇ ಹುಟ್ಟಿಸಿದಂತೆ.

ದುರಸ್ತಿಗೆ ಮೂರು ದಾರಿ, ಮೂರರ ಬಾಳಿಕೆಯೂ ಬೇರೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಕಪ್ಲರ್ ಐದಾರು ಸಲ ಹಾಕಿ ತೆಗೆದರೆ ದೀಪ ಆರುತ್ತದೆ, ಕೆಲವು ತಿಂಗಳಲ್ಲಿ ಮರಳುತ್ತದೆ. ಸವೆದ ಲೇಪ ಸ್ಪ್ರೇಯಿಂದ ಬೆಳೆಯುವುದಿಲ್ಲ. ಕಪ್ಲರ್ ಕತ್ತರಿಸಿ ಎಸೆದು ವೈರಿಗೆ ವೈರು ಜೋಡಿಸುವುದು ಎರಡನೆಯದು. ದೀಪ ಮತ್ತೆ ಬರುವುದಿಲ್ಲ ನಿಜ. ಆದರೆ ಮುಂದೆ ಸೀಟು ತೆಗೆಯಬೇಕಾದವರು ವೈರು ಕತ್ತರಿಸಲೇಬೇಕು, ರಕ್ಷಣೆಯ ಆ ಪಟ್ಟಿಯೂ ಹೋಯಿತು. ಐದು ವರ್ಷದಲ್ಲಿ ನಿಂತ ಅಭಿಪ್ರಾಯ ಮೂರನೆಯದರ ಪರ: ಎರಡೂ ಕಡೆ ಹೊಸ ಟರ್ಮಿನಲ್. ಫೋಕ್ಸ್‌ವ್ಯಾಗನ್ ತುದಿಯಲ್ಲಿ ಟರ್ಮಿನಲ್ ಕ್ರಿಂಪ್ ಆಗಿರುವ (ಬಿಗಿಯಾಗಿ ಅದುಮಿ ಕೂರಿಸಿರುವ) ಹಳದಿ ರಿಪೇರಿ ವೈರುಗಳನ್ನೇ ಮಾರುತ್ತದೆ. ಹಳೇ ಪಿನ್ನು ಕಪ್ಲರ್‌ನಿಂದ ಹೊರತೆಗೆದು ಹೊಸದು ಕೂರಿಸಿ, ಹಿಂದಿನ ವೈರಿಗೆ ಕ್ರಿಂಪ್ ಮಾಡುವುದು. ಒಂದು ಕಡೆ ಚಿನ್ನದ ಲೇಪ, ಇನ್ನೊಂದು ಕಡೆ ತವರದ್ದು ಹಾಕಬಾರದು. ಎರಡು ಲೋಹ ಉಜ್ಜಿಕೊಂಡರೆ ಮೊದಲಿಗಿಂತ ಬೇಗ ಹಾಳು.

ಕ್ರಿಂಪ್ ಮಾಡುವಾಗ ಎರಡು ವೈರಿನ ಜೋಡಣೆಗಳು ಒಂದೇ ಜಾಗದಲ್ಲಿ ಬೇಡ, ನಾಲ್ಕು ಸೆಂಟಿಮೀಟರ್ ಹಿಂದೆ ಮುಂದೆ ಇರಲಿ. ಜೋಡಣೆಯ ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ, ಒಳಗೆ ಅಂಟು ಸವರಿದಂಥದ್ದು. ಇಕ್ಕಳದಿಂದ ಅದುಮಿದ್ದು ಕ್ರಿಂಪ್ ಅಲ್ಲ, ರಾಚೆಟ್ ಇರುವ, ಅಂದರೆ ಪೂರ್ತಿ ಒತ್ತುವವರೆಗೂ ಬಿಡದ, ಟೂಲ್ ಬೇಕು. ಬೆಸುಗೆ ಹಾಕಿದರೆ ತವರ ವೈರಿನೊಳಗೆ ಹೀರಿಕೊಂಡು ಆ ತುಂಡು ಬಿರುಸಾಗುತ್ತದೆ. ದಿನಕ್ಕೆ ನಾಲ್ಕು ಸಲ ಸರಿದಾಡುವ ಸೀಟಿನಡಿ ಅದು ಅಲ್ಲೇ ಮುರಿಯುತ್ತದೆ. ಹೆಣೆದ ಜೋಡಿ ವೈರನ್ನು ಬಿಡಿಸಿದ್ದರೆ ಮತ್ತೆ ಹೆಣೆದೇ ಮುಗಿಸಿ, ಹೊರಗಿನ ವಿದ್ಯುತ್ ಗದ್ದಲ ಒಳಬರದಿರಲೆಂದೇ ಅದನ್ನು ಹೆಣೆದಿರುವುದು. ಕೊನೆಗೆ ಸೀಟು ಪೂರ್ತಿ ಹಿಂದೆ, ಪೂರ್ತಿ ಮುಂದೆ ಸರಿಸಿ, ಎರಡೂ ಕಡೆ ವೈರು ಬಿಗಿಯಾಗದಂತೆ ಟೈ ಕಟ್ಟಬೇಕು. ಸೀಟಿನ ಬೋಲ್ಟಿಗೆ ಟಾರ್ಕ್ ರೆಂಚ್ (ಬಿಗಿ ಅಳೆಯುವ ಸ್ಪ್ಯಾನರ್) ಬಳಸಿ. ಬ್ಯಾಟರಿ ತೆಗೆದಿದ್ದರಿಂದ ಇಎಸ್‌ಪಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ದೀಪವೂ ಹತ್ತಿರುತ್ತದೆ, ಸ್ವಲ್ಪ ದೂರ ಓಡಿಸಿದರೆ ಆರುತ್ತದೆ.

ಇನ್ನು ವಿಸಿಡಿಎಸ್‌ನ ಗುಣದೋಷ. ಸಾಫ್ಟ್‌ವೇರ್ ಅಪ್‌ಡೇಟ್‌ಗೆ ವರ್ಷ ವರ್ಷ ಹಣ ಕಟ್ಟಬೇಕಿಲ್ಲ, ಐದು ವರ್ಷದಲ್ಲಿ ಇದೇ ದೊಡ್ಡ ಉಳಿತಾಯ. ಪರದೆ ಹಳೇ ಕಾಲದ್ದು, ಎಲ್ಲ ಇಂಗ್ಲಿಷ್‌ನಲ್ಲಿ, ಹೊಸಬರಿಗೆ ಮೊದಲ ವಾರ ಗೊಂದಲ. ಹೆಕ್ಸ್-ವಿ2ಗೆ ವಿಂಡೋಸ್ ಲ್ಯಾಪ್‌ಟಾಪ್ ಬೇಕೇ ಬೇಕು. ಅಮೆರಿಕದಿಂದ ತರಿಸಿದರೆ ಸುಂಕವೂ ಸೇರುತ್ತದೆ. ಅಪಘಾತದಲ್ಲಿ ಏರ್‌ಬ್ಯಾಗ್ ಸಿಡಿದ ಮೇಲೆ ಮಾಡ್ಯೂಲ್‌ನಲ್ಲಿ ಕೂತ ಕ್ರ್ಯಾಶ್ ಡೇಟಾವನ್ನು (ಅಪಘಾತದ ದಾಖಲೆ) ಇದು ಅಳಿಸುವುದಿಲ್ಲ, ಅದನ್ನು ನಿರೀಕ್ಷಿಸಲೂಬಾರದು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ನಕಲಿ ಕೇಬಲ್ ಒಂದು ಅಪ್‌ಡೇಟ್‌ಗೆ ಸತ್ತುಹೋಗಬಹುದು. ಏರ್‌ಬ್ಯಾಗ್ ಮಾಡ್ಯೂಲ್ ಜೊತೆ ವ್ಯವಹರಿಸುವಾಗ ಅಂಥದ್ದನ್ನು ನಂಬಲಾಗದು.

ಹೆಕ್ಸ್-ವಿ2 ಮೂರು ಕಾರಿನ, ಹತ್ತು ಕಾರಿನ ಮಿತಿಯಲ್ಲಿ ಮತ್ತು ಮಿತಿಯೇ ಇಲ್ಲದ ರೂಪದಲ್ಲಿ ಸಿಗುತ್ತದೆ. ಮನೆಯ ಒಂದೆರಡು ಕಾರಿಗೆ ಮೂರರದು ಸಾಕು. ಊರಿನ ಸಣ್ಣ ಗ್ಯಾರೇಜಿನವರು ಮಿತಿಯಿಲ್ಲದ್ದನ್ನೇ ಕೊಳ್ಳಲಿ. ಜೊತೆಗೆ ಒಂದು ರಾಚೆಟ್ ಕ್ರಿಂಪರ್, ಪಿನ್ನು ಹೊರತೆಗೆಯುವ ಟೂಲ್, ನಾಲ್ಕು 2.2 ಓಮ್ ರೆಸಿಸ್ಟರ್ ಅದೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ರೆಸಿಸ್ಟರ್‌ಗಳಿಗೆ ಉದ್ದನೆಯ ಕೆಂಪು ರಿಬ್ಬನ್ ಕಟ್ಟಿರಲಿ, ಮರೆತು ಸೀಟಿನಡಿ ಉಳಿದರೆ ಕಣ್ಣಿಗೆ ಬೀಳುತ್ತದೆ.